ನದಿಯ ಜ್ವರ ನೋಡಿದ್ದು

ಫ್ಲೋರಿಡಾದ ಉತ್ತರದಲ್ಲಿ ಸಾಂಟಾ ಫೆ ಅಂತ ಒಂದು ನದಿ. ಓಲೀನೊ ಸ್ಟೇಟ್ ಪಾರ್ಕಿನೊಳಗೆ ಅದು ಒಂದು ದೊಡ್ಡ ಗುಂಡಿಗೆ ಬಂದು ಮಾಯವಾಗುತ್ತದೆ. ಧುಮುಕೋದಿಲ್ಲ, ಸದ್ದೂ ಇಲ್ಲ. ಮೇಲೆ ಮರದ ತುಂಡು, ಎಲೆ ಮೆಲ್ಲಗೆ ಸುತ್ತುತ್ತಿರುತ್ತವೆ, ನೀರು ಕೆಳಗೆ ಇಳಿದುಹೋಗುತ್ತದೆ. ಸುಮಾರು 5 ಕಿಲೋಮೀಟರ್ ಆಚೆ, ರಿವರ್ ರೈಸ್ ಅನ್ನುವಲ್ಲಿ ಮತ್ತೆ ಮೇಲೇಳುತ್ತದೆ. ನಡುವೆ ಸುಣ್ಣಕಲ್ಲಿನೊಳಗಿನ ಗುಹೆಗಳು. ಅಲ್ಲಿ ನದಿ ಕಲ್ಲಿಗೆ ನೀರು ಕೊಡೋದು ಯಾವಾಗ, ಪಡೆಯೋದು ಯಾವಾಗ? ನನ್ನ ಎಂಎಸ್ ಕೆಲಸ ಇದೇ.

"ಬಣ್ಣ ಹಾಕಿ ನೋಡಮ್ಮ" ಅಂದರು ಅಪ್ಪ, ಫೋನಿನಲ್ಲಿ. ಕೊಳೆತ ಎಲೆಗಳ ಟ್ಯಾನಿನ್‌ನಿಂದ ಆ ನೀರೇ ಡಿಕಾಕ್ಷನ್ ಥರ ಇರುತ್ತದೆ, ಹಾಕಿದ ಬಣ್ಣ ಕಾಣೋದೆಲ್ಲಿ? ಅದಕ್ಕೇ ನಾನು ಉಷ್ಣತೆ ಹಿಡಿದೆ. ಅಂತರ್ಜಲ ವರ್ಷವಿಡೀ 22 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ನದಿ ಹಾಗಲ್ಲ, ಚಳಿಗಾಳಿ ಬೀಸಿದರೆ ತಣ್ಣಗಾಗುತ್ತದೆ. ಉಷ್ಣತೆಯ ಆ ಇಳಿತ ಮೊದಲು ಗುಂಡಿಯಲ್ಲಿ, ಆಮೇಲೆ ರೈಸ್‌ನಲ್ಲಿ ಕಾಣುತ್ತದೆ. ನಡುವಿನ ಹೊತ್ತೇ ನೀರಿನ ಪ್ರಯಾಣ. ನೀರು ಕಡಿಮೆ ಇದ್ದರೆ ಹಲವು ದಿನ, ಪ್ರವಾಹದಲ್ಲಿ ತುಂಬಾ ಬೇಗ.

ಎರಡೂ ಕಡೆ, ತೂತು ಕೊರೆದ ಪಿವಿಸಿ ಪೈಪಿನೊಳಗೆ ಲಾಗರ್ (ಉಷ್ಣತೆಯನ್ನು ಸಮಯದ ಜೊತೆ ತಾನೇ ದಾಖಲಿಸುವ ಸಣ್ಣ ಸಾಧನ) ಇಟ್ಟು, ಸರಪಳಿಯಿಂದ ಮರದ ಬೇರಿಗೆ ಕಟ್ಟಿದೆ. 15 ನಿಮಿಷಕ್ಕೊಂದು ಅಳತೆ. ಮಾರ್ಚಿನ ಲೆಕ್ಕ ಮಾತ್ರ ಯಾಕೋ ಹೊಂದಲೇ ಇಲ್ಲ. ಮೂರು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಎರಡೂ ಲಾಗರ್‌ಗಳನ್ನು ಒಂದೇ ಬಕೆಟ್ಟಿಗೆ ಹಾಕಿ ಐಸ್ ಸುರಿದೆ. ಒಂದೇ ಬಕೆಟ್ಟು, ಒಂದೇ ಐಸು, ಆದರೆ ಒಂದು ಲಾಗರ್ ಸರಿಯಾಗಿ ಒಂದು ಗಂಟೆ ತಡವಾಗಿ ತಣ್ಣಗಾಗಿತ್ತು! ಎರಡನ್ನೂ ಬೇರೆ ಬೇರೆ ಲ್ಯಾಪ್‌ಟಾಪಿನಿಂದ ಶುರು ಮಾಡಿದ್ದೆ. ಒಂದರಲ್ಲಿ ಅಮೆರಿಕದ ಬೇಸಿಗೆ ಗಡಿಯಾರ (ಮಾರ್ಚಿನಲ್ಲಿ ಒಂದು ಗಂಟೆ ಮುಂದೆ ತಿರುಗಿಸಿದ್ದು), ಇನ್ನೊಂದರಲ್ಲಿ ಮಾಮೂಲಿ. ಹಾಸನದಲ್ಲಿ ಬೆಳೆದವಳಿಗೆ ಗಡಿಯಾರ ತಿರುಗಿಸೋದು ಎಲ್ಲಿ ಹೊಳೀಬೇಕು? ಈಗ ಎಲ್ಲಾ ಲಾಗರ್‌ಗೂ ಬೇಸಿಗೆಗೆ ಬದಲಾಗದ ಜಿಎಂಟಿ ಸಮಯವೇ. ಬಕೆಟ್ ಪರೀಕ್ಷೆ ಆಗದೆ ಒಂದನ್ನೂ ನೀರಿಗೆ ಇಳಿಸಲ್ಲ.

ಉಷ್ಣತೆ ಹೊತ್ತು ಹೇಳುತ್ತದೆ ಅಷ್ಟೇ. ನೀರು ಯಾರದು, ನದಿಯದೋ ಕಲ್ಲಿನದೋ ಅನ್ನೋದಕ್ಕೆ ವಿದ್ಯುತ್ ವಾಹಕತೆ ನೋಡಬೇಕು. ಸುಣ್ಣ ಕರಗಿಸಿಕೊಂಡ ನೀರಿಗೆ ಅದು ಜಾಸ್ತಿ. ಪ್ರವಾಹ ಬಂದಾಗ ಗುಹೆಯೊಳಗಿನ ಒತ್ತಡ ಸುತ್ತಲಿನ ಬಾವಿಗಳ ಮಟ್ಟವನ್ನೂ ಮೀರುತ್ತದೆ, ನದಿ ನೀರು ಕಲ್ಲಿನ ಸಣ್ಣ ರಂಧ್ರಗಳಿಗೆ ನುಗ್ಗುತ್ತದೆ. ರೈಸ್‌ನಲ್ಲಿ ವಾಹಕತೆ ಬೀಳುತ್ತದೆ. ಪ್ರವಾಹ ಇಳಿದ ಮೇಲೆ ಕಲ್ಲಿನ ನೀರು ಗುಹೆಗೆ ಜಿನುಗುತ್ತದೆ, ವಾಹಕತೆ ನಿಧಾನವಾಗಿ ಏರುತ್ತದೆ. ಆಗ ಗುಂಡಿಗೆ ಇಳಿದದ್ದಕ್ಕಿಂತ ರೈಸ್‌ನಲ್ಲಿ ಹೊರಬರೋದೇ ಹೆಚ್ಚು.

ಗ್ರಾಫನ್ನು ಅಪ್ಪನಿಗೆ ಕಳಿಸಿದೆ. "ಕೆರೆ ತುಂಬಿದಾಗ ನಮ್ಮ ತೋಟದ ಬಾವಿ ಏರುತ್ತಲ್ಲ, ಹಾಗೇ ಅಲ್ವಾ?" ಅಂದರು. ಅರ್ಧ ಹಾಗೇ ಅಂದೆ. ನಮ್ಮ ಬಾವಿ ಕೆರೆಗೆ ವಾಪಸ್ ಕೊಟ್ಟಿದ್ದನ್ನ ನಾನಂತೂ ನೋಡಿಲ್ಲ.