ಜಿಪಿಯು ಮೇಲೆ ಪೆಟ್ಸಿ: ಲೆಕ್ಕಕ್ಕಿಂತ ಸಾಗಾಟವೇ ದುಬಾರಿ

ಮೂರು ಆಯಾಮದ ಶಾಖ ಸಮೀಕರಣ ಬಿಡಿಸುವ ನನ್ನ ಕೋಡ್ ಮೊದಲಿನಿಂದಲೂ ದೊಡ್ಡ ಸಮೀಕರಣಗಳನ್ನು ಬಿಡಿಸಿಕೊಡುವ ಪೆಟ್ಸಿ (PETSc) ಲೈಬ್ರರಿಯನ್ನೇ ನೆಚ್ಚಿಕೊಂಡದ್ದು. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಲೈಬ್ರರಿಯಲ್ಲಿ ವೆಕ್ಟರ್, ಮ್ಯಾಟ್ರಿಕ್ಸ್ ಯಾವ ಬಗೆಯದು ಅನ್ನುವುದನ್ನು ರನ್ ಮಾಡುವಾಗ ಹೇಳಿದರೆ ಸಾಕು. ಹಾಗಾಗಿ ಎನ್ವಿಡಿಯಾದ ಎ100 ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಕಾರ್ಡ್ ಸಿಕ್ಕಾಗ ಎಲ್ಲವನ್ನೂ ಹೊಸದಾಗಿ ಬರೆಯುವ ಗೋಜಿಗೆ ಹೋಗಲಿಲ್ಲ.

ಪೆಟ್ಸಿಯನ್ನು ಬಿಲ್ಡ್ ಮಾಡುವಾಗ ಕುಡಾ (ಎನ್ವಿಡಿಯಾ ಜಿಪಿಯುಗಳಿಗೆ ಪ್ರೋಗ್ರಾಂ ಬರೆಯುವ ವ್ಯವಸ್ಥೆ) ಆರ್ಕಿಟೆಕ್ಚರ್ 80 ಎಂದು ಕೊಟ್ಟೆ. ಹಿಂದಿನ ತಲೆಮಾರಿನ ವಿ100 ಕಾರ್ಡ್ ಆಗಿದ್ದರೆ 70. ಡಿಬಗ್ಗಿಂಗ್ ಆಫ್ ಮಾಡಲೇಬೇಕು. ನಾವು ಹೇಳದಿದ್ದರೆ ಪೆಟ್ಸಿ ಡಿಬಗ್ ಮೋಡ್‌ನಲ್ಲೇ ಬಿಲ್ಡ್ ಆಗುತ್ತದೆ, ಅದರಲ್ಲಿ ವೇಗ ಅಳೆದು ಪ್ರಯೋಜನವಿಲ್ಲ. ಸಿ ಕಂಪೈಲರ್ ಜಿಸಿಸಿ ತೀರಾ ಹೊಸದಾದರೆ ಕುಡಾ ಕಂಪೈಲರ್ ತಕರಾರು ತೆಗೆಯುತ್ತದೆ, ಹಳೆಯ ಆವೃತ್ತಿ ಲೋಡ್ ಮಾಡಿಕೊಂಡರೆ ಮುಗಿಯಿತು.

ನಿಜವಾದ ತಲೆನೋವು ಆಮೇಲಿನದು. ಒಂದೊಂದು ದಿಕ್ಕಿಗೂ 256 ಬಿಂದುಗಳ ಗ್ರಿಡ್ ಎಂದರೆ ಕಂಡುಹಿಡಿಯಬೇಕಾದ ಬೆಲೆಗಳು ಸುಮಾರು 1.68 ಕೋಟಿ. ಏಳು ಬಿಂದುಗಳ ಸ್ಟೆನ್ಸಿಲ್‌ನಲ್ಲಿ (ಒಂದು ಬಿಂದು, ಅದರ ಆರು ನೆರೆಯವು) ಸೊನ್ನೆಯಲ್ಲದ ಪ್ರತಿ ಅಂಶಕ್ಕೆ ಬೆಲೆ 8 ಬೈಟ್, ಕಾಲಂ ಸಂಖ್ಯೆ 4 ಬೈಟ್. ಮ್ಯಾಟ್ರಿಕ್ಸ್ ಒಂದೇ 1.4 ಜಿಬಿ. 40 ಜಿಬಿ ಎ100ರ ಮೆಮೊರಿ ಸೆಕೆಂಡಿಗೆ 1,555 ಜಿಬಿ ಒದಗಿಸುತ್ತದೆ. ಅಲ್ಲಿಗೆ ಒಂದು ಮ್ಯಾಟ್ರಿಕ್ಸ್-ವೆಕ್ಟರ್ ಗುಣಾಕಾರಕ್ಕೆ ಒಂದು ಮಿಲಿಸೆಕೆಂಡ್ ಆಸುಪಾಸು. ಕಾರ್ಡಿನ ಸೆಕೆಂಡಿಗೆ 9.7 ಲಕ್ಷ ಕೋಟಿ ಲೆಕ್ಕದ, ಅಂದರೆ 9.7 ಟೆರಾಫ್ಲಾಪ್‌ಗೆ ಇಲ್ಲಿ ಕೆಲಸವೇ ಇಲ್ಲ. ಆದರೆ 134 ಎಂಬಿಯ ಒಂದು ವೆಕ್ಟರನ್ನು ನಾಲ್ಕನೇ ತಲೆಮಾರಿನ ಪಿಸಿಐಇ (ಕಾರ್ಡನ್ನು ಸಿಪಿಯುಗೆ ಜೋಡಿಸುವ ದಾರಿ) ಮೂಲಕ ಸಿಪಿಯುಗೆ ಕಳಿಸಲು 4 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ನಾಲ್ಕು ಗುಣಾಕಾರ ಆಗಿಹೋಗುತ್ತದೆ!

ಅದಕ್ಕೇ ನಾನು ಮೊದಲು ನೋಡುವುದು ಪೆಟ್ಸಿಯ 'ಲಾಗ್ ವ್ಯೂ' ಆಯ್ಕೆ ಕೊಡುವ ವರದಿಯ ಬಲತುದಿ. ಸಿಪಿಯು, ಜಿಪಿಯು ನಡುವೆ ಅತ್ತಿಂದಿತ್ತ ಎಷ್ಟು ಸಲ, ಎಷ್ಟು ಎಂಬಿ ಸಾಗಿತು ಅನ್ನುವ ಕಾಲಂಗಳು ಅಲ್ಲಿವೆ. ಗಡಿ ಷರತ್ತು ಹಾಕುವ ಪುಟ್ಟ ಫಂಕ್ಷನ್ ಸಿಪಿಯುನಲ್ಲೇ ಓಡುತ್ತಿದ್ದರಿಂದ ಪ್ರತಿ ಟೈಮ್ ಸ್ಟೆಪ್‌ಗೂ ಇಡೀ ವೆಕ್ಟರ್ ಹೋಗಿ ಬರುತ್ತಿತ್ತು. ಅದನ್ನು ಜಿಪಿಯು ಮೇಲೆ ಓಡುವ ಕುಡಾ ಕರ್ನಲ್ ಮಾಡಿದ ಮೇಲೆ ಆ ಸಾಗಾಟ ಸೊನ್ನೆಗೆ ಬಂತು.

ಉತ್ತರಕ್ಕೆ ಬೇಗ ತಲುಪಿಸುವ ಪ್ರಿಕಂಡಿಷನರ್ ವಿಷಯದಲ್ಲಿ, ಮ್ಯಾಟ್ರಿಕ್ಸನ್ನು ಅಂದಾಜಾಗಿ ಎರಡು ತ್ರಿಕೋನ ಮ್ಯಾಟ್ರಿಕ್ಸ್ ಆಗಿ ಒಡೆಯುವ ಐಎಲ್‌ಯು ಕೈಬಿಟ್ಟೆ. ತ್ರಿಕೋನ ಮ್ಯಾಟ್ರಿಕ್ಸ್ ಬಿಡಿಸುವಾಗ ಒಂದು ಸಾಲು ಇನ್ನೊಂದಕ್ಕೆ ಕಾಯಬೇಕು, ಸಾವಿರಾರು ಥ್ರೆಡ್‌ಗಳು ಕೈಕಟ್ಟಿ ನಿಲ್ಲುತ್ತವೆ. ಒರಟು ಗ್ರಿಡ್ಡುಗಳ ನೆರವಿನಿಂದ ಬಿಡಿಸುವ ಪೆಟ್ಸಿಯದೇ ಗ್ಯಾಮ್ಗ್ ಮಲ್ಟಿಗ್ರಿಡ್‌ಗೆ ಚೆಬಿಶೆವ್-ಜಾಕೋಬಿ ಸ್ಮೂದರ್ (ಪ್ರತಿ ಹಂತದಲ್ಲೂ ತಪ್ಪನ್ನು ನಯಗೊಳಿಸುವ ಭಾಗ) ಜೋಡಿಸಿದರೆ ಬಹುಪಾಲು ಕೆಲಸ ಬರೀ ಗುಣಾಕಾರವೇ. ಅದರ ಸೆಟಪ್ ಭಾರವಾದದ್ದು ನಿಜ. ನನ್ನ ಮ್ಯಾಟ್ರಿಕ್ಸ್ ಕಾಲದೊಂದಿಗೆ ಬದಲಾಗದ ಕಾರಣ ಒಮ್ಮೆ ಕಟ್ಟಿದ್ದನ್ನೇ ಕೊನೆವರೆಗೂ ಬಳಸಿಕೊಂಡೆ.

ಎ100 ಇಲ್ಲದವರು ಗೇಮಿಂಗ್ ಕಾರ್ಡನ್ನು ತಳ್ಳಿಹಾಕಬೇಕಿಲ್ಲ. ಆರ್‌ಟಿಎಕ್ಸ್ 3090ರ ಡಬಲ್ ಪ್ರಿಸಿಷನ್ (8 ಬೈಟ್ ಸಂಖ್ಯೆಗಳ) ಲೆಕ್ಕದ ವೇಗ 4 ಬೈಟಿನ ಸಿಂಗಲ್‌ನ 64ರಲ್ಲಿ ಒಂದು ಪಾಲು ಮಾತ್ರ. ಆದರೂ ಸೆಕೆಂಡಿಗೆ 936 ಜಿಬಿ ಮೆಮೊರಿ ವೇಗ ಇರುವುದರಿಂದ ಈ ಗುಣಾಕಾರಕ್ಕೆ ಅಷ್ಟು ಲೆಕ್ಕದ ಶಕ್ತಿ ಧಾರಾಳ.