ಕುದುರೆಮುಖಕ್ಕೆ ಗುಂಪಿನಲ್ಲಿ ಹೊರಟವರಿಗೆ

ಕುದುರೆಮುಖ 1,894 ಮೀಟರ್ ಎತ್ತರ. ನಡಿಗೆ ಶುರುವಾಗುವುದು ಮುಳ್ಳೋಡಿ ಎಂಬ ಹಳ್ಳಿಯಿಂದ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಿಸಿ, ಗುರುತಿನ ಚೀಟಿ ಜೊತೆಗಿರಲಿ.

ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ ಜಾಸ್ತಿ. ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದೊಳಗೆ ಸಿಕ್ಕಿಸಿ. ಕಚ್ಚಿದರೆ ಗಾಬರಿಯಾಗಿ ಎಳೆಯಬೇಡಿ. ನಾನು ಅದರ ಬಾಯಿಯ ಹತ್ತಿರ ಉಗುರು ತೂರಿಸಿ ಮೆಲ್ಲಗೆ ಬಿಡಿಸುತ್ತೇನೆ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಒತ್ತಿ ಹಿಡಿದರೆ ಸಾಕು.

ಗುಂಪಿನಲ್ಲಿ ನಿಧಾನವಾಗಿ ನಡೆಯುವವರು ಗೈಡ್ ಹಿಂದೆಯೇ ಇರಲಿ. ಎಲ್ಲರಿಗಿಂತ ಕೊನೆಯಲ್ಲಿ ಬಿಟ್ಟರೆ, ಅವರು ಬಂದು ಸೇರುವಷ್ಟರಲ್ಲಿ ಉಳಿದವರು ಮತ್ತೆ ಹೊರಟಿರುತ್ತಾರೆ; ಅವರಿಗೆ ಸುಧಾರಿಸಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ, ಅಲ್ವಾ? ಹುಲ್ಲುಗಾವಲಿನಲ್ಲಿ ಮಂಜು ಕವಿದರೆ ಹತ್ತಡಿ ಮುಂದಿನ ದಾರಿಯೂ ಕಾಣದು. ಗೈಡ್ ‘ವಾಪಸ್ ಹೋಗೋಣ’ ಅಂದರೆ ವಾದ ಮಾಡಬೇಡಿ. ಪ್ಲಾಸ್ಟಿಕ್ ಒಂದನ್ನೂ ಮೇಲೆ ಬಿಡಬೇಡಿ, ದಯವಿಟ್ಟು.