ಪುಟಾಣಿಗಳಿಗೆ ಸ್ಪ್ಯಾನಿಷ್: ಕುಣಿತ ಮೊದಲು, ಅಕ್ಷರ ಆಮೇಲೆ

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ-ಅಮ್ಮಂದಿರಿಗೆ ಇದು ಗೊತ್ತಿರುವ ವಿಷಯ. ಶಾಲೆ ಮುಗಿದ ಮೇಲೆ ಸ್ಪ್ಯಾನಿಷ್ ಕ್ಲಬ್ ನಡೆಸಬೇಕು, ಯಾರಾದರೂ ಬಂದು ಸಹಾಯ ಮಾಡ್ತೀರಾ ಅಂತ ಈಮೇಲ್ ಬರುತ್ತದೆ. ಆಫೀಸಿನಲ್ಲೋ ಕಾಲೇಜಿನಲ್ಲೋ ಒಂದಿಷ್ಟು ಸ್ಪ್ಯಾನಿಷ್ ಕಲಿತವರು ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡವರು ಮೊದಲು ಮಾಡುವುದೇ ಅಕ್ಷರಮಾಲೆಯ ಚಾರ್ಟ್ ನೇತು ಹಾಕುವುದು. ಅದನ್ನು ಸದ್ಯಕ್ಕೆ ಮಡಿಚಿಡಿ.

ಮೊದಲ ಕೆಲವು ವಾರ ಮಕ್ಕಳು ಮಾತಾಡಲೇಬೇಕಿಲ್ಲ, ಕೇಳಿ ಮೈ ಆಡಿಸಿದರೆ ಸಾಕು. ‘ಲೆವಾಂತತೆ’ ಅಂದರೆ ಎದ್ದೇಳು, ‘ಸಿಯೆಂತತೆ’ ಅಂದರೆ ಕೂತ್ಕೋ, ‘ಸಾಲ್ತ’ ಅಂದರೆ ಜಿಗಿ. ನೀವೇ ಹೇಳಿ, ನೀವೇ ಜಿಗಿದು ತೋರಿಸಿ, ಇಂಗ್ಲಿಷಿನಲ್ಲಿ ಅರ್ಥ ಹೇಳಲು ಹೋಗಬೇಡಿ. ಇದಕ್ಕೆ ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಅಂತ ಹೆಸರು, ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಬೆಳೆಸಿದ ವಿಧಾನ. ಮಕ್ಕಳಿಗೆ ಇದೆಲ್ಲ ಬೇಡ, ‘ಸಿಮೋನ್ ದೀಸೆ’ ಆಟ ಅಂದರೆ ಸಾಕು, ಸೈಮನ್ ಸೇಸ್ ಅವರಿಗೆ ಮೊದಲೇ ಗೊತ್ತಲ್ವಾ. ಒಂದು ಸಲಕ್ಕೆ ಐದಾರು ಆಜ್ಞೆಗಿಂತ ಜಾಸ್ತಿ ಬೇಡ.

ಉಚ್ಚಾರದಲ್ಲಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಒಂದು ಹೆಜ್ಜೆ ಮುಂದಿರುತ್ತಾರೆ. ಸ್ಪ್ಯಾನಿಷಿನಲ್ಲಿ ಇರುವುದು ಐದೇ ಸ್ವರ, ಹೆಚ್ಚುಕಡಿಮೆ ನಮ್ಮ ಅ, ಎ, ಇ, ಒ, ಉ. ಇಂಗ್ಲಿಷ್ ಮಾತ್ರ ಆಡುವ ಮಕ್ಕಳು ‘ಟಾಕೊ’ ಅಂತ ನಾಲಿಗೆಯನ್ನು ಮೇಲಕ್ಕೊಯ್ದರೆ, ನಮ್ಮ ಮಕ್ಕಳು ಹಲ್ಲಿಗೆ ತಾಗಿಸಿ ಸಲೀಸಾಗಿ ‘ತಾಕೊ’ ಅನ್ನುತ್ತಾರೆ. ಸರಿಯಾದದ್ದು ಅದೇ. ಓದಿಸುವ ಹಂತಕ್ಕೆ ಬಂದಾಗ ಮೂರು ವಿಷಯ ಹೇಳಿಕೊಟ್ಟರೆ ಸದ್ಯಕ್ಕೆ ಆಯಿತು: ಎಚ್ ಅಕ್ಷರಕ್ಕೆ ಸದ್ದಿಲ್ಲ, ಜೆ ಬಂದರೆ ಗಂಟಲಿನ ‘ಹ’, ಎರಡು ಎಲ್ ಜೊತೆಗೆ ಬಂದರೆ ಬಹಳ ಕಡೆ ‘ಯ’. ಎರಡು ಆರ್ ಬಂದಾಗ ನಾಲಿಗೆ ನಡುಗಿಸಬೇಕು. ಬರದಿದ್ದರೆ ಬಿಡಿ, ಆ ಸದ್ದು ಸ್ಪ್ಯಾನಿಷ್ ಮನೆಗಳ ಮಕ್ಕಳಿಗೂ ತಡವಾಗಿಯೇ ಬರುತ್ತದೆ.

ಆಮೇಲೆ ಪದಗಳು. ಇದಕ್ಕೆ ಲೋತೆರಿಯಾಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮೆಕ್ಸಿಕೊದ ಮನೆಗಳಲ್ಲಿ ಆಡುವ ಆಟ ಇದು, ನಮ್ಮ ತಂಬೋಲ ಥರವೇ, ಆದರೆ ಅಂಕಿಗಳ ಬದಲು ಚಿತ್ರಗಳು. ಒಟ್ಟು 54 ಕಾರ್ಡು, ಪ್ರತಿ ಮಗುವಿನ ಹಲಗೆಯಲ್ಲಿ 16 ಚಿತ್ರ. ಒಬ್ಬರು ‘ಎಲ್ ಗಾಯೊ’ (ಹುಂಜ), ‘ಲಾ ಲೂನ’ (ಚಂದ್ರ), ‘ಲಾ ಸಾಂದೀಯ’ (ಕಲ್ಲಂಗಡಿ) ಅಂತ ಕೂಗಿದರೆ, ಉಳಿದವರು ಆ ಚಿತ್ರದ ಮೇಲೆ ಒಂದೊಂದು ಹುರುಳಿಕಾಯಿ ಬೀಜವೋ ರಾಜ್ಮಾ ಕಾಳೋ ಇಡಬೇಕು. ಎಲ್, ಲಾ ಅಂತ ಲಿಂಗಭೇದವೂ ಪಾಠ ಮಾಡದೆಯೇ ಕಿವಿಗೆ ಬೀಳುತ್ತದೆ. ಕಾರ್ಡುಗಳಲ್ಲಿ ಒಬ್ಬ ಕುಡುಕನೂ ಇದ್ದಾನೆ, ಅವನನ್ನು ಮೊದಲೇ ತೆಗೆದಿಡಿ. ಇಲ್ಲದಿದ್ದರೆ ಮಕ್ಕಳು ಮನೆಗೆ ಹೋಗಿ ಹೇಳುವುದು ಅವನೊಬ್ಬನ ಹೆಸರನ್ನೇ!

ಪದಗಳು ಕೂಡಿದ ಮೇಲೆ ಒಂದೇ ಒಂದು ವಾಕ್ಯ ಹಿಡಿಯಿರಿ: ‘ಮೆ ಗುಸ್ತಾ ಎಲ್ ಮಾಂಗೊ’, ನನಗೆ ಮಾವು ಇಷ್ಟ. ಹಣ್ಣಿನ ಹೆಸರು ಬದಲಿಸುತ್ತಾ ಹೋದರೆ ಒಂದು ತಿಂಗಳು ಓಡುತ್ತದೆ.

ಸಂಸ್ಕೃತಿಯ ಪಾಠ ಅಂದರೆ ಸಾಮಾನ್ಯವಾಗಿ ಅಗಲ ಟೋಪಿ, ಅಂಟಿಸಿದ ಮೀಸೆ, ಮುಗೀತು. ಸ್ಪ್ಯಾನಿಷ್ ಆಡುವ ದೇಶ ಇಪ್ಪತ್ತಿವೆ, ಸುಮ್ನೆ ಒಂದು ಟೋಪಿಯಲ್ಲಿ ಅವನ್ನು ಮುಗಿಸಬೇಡಿ. ಹಲವರು ಅಂದುಕೊಂಡಿರುವ ಹಾಗೆ ಮೇ 5 ಮೆಕ್ಸಿಕೊದ ಸ್ವಾತಂತ್ರ್ಯ ದಿನವೂ ಅಲ್ಲ, ಅದು 1862ರಲ್ಲಿ ಪ್ವೆಬ್ಲ ಎಂಬಲ್ಲಿ ಫ್ರೆಂಚ್ ಸೈನ್ಯವನ್ನು ಸೋಲಿಸಿದ ಯುದ್ಧದ ನೆನಪು. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಬೋರ್ಡಿನ ಮೇಲೆ ಬರೆಯುವ ಮುಂಚೆ ಇದನ್ನು ನೋಡಿಕೊಳ್ಳಿ.

ಆರೇಳು ವರ್ಷದ ಮಕ್ಕಳಿಗೆ ಹಲ್ಲು ಬೀಳುವ ಕಾಲ. ಸ್ಪೇನಿನಲ್ಲಿ ಬಿದ್ದ ಹಲ್ಲು ಒಯ್ಯಲು ಬರುವುದು ಅಮೆರಿಕದ ಹಾಗೆ ಟೂತ್ ಫೇರಿ ಎಂಬ ಯಕ್ಷಿಣಿ ಅಲ್ಲ, ಇಲಿ. ರಾತೊನ್ಸೀತೊ ಪೆರೆಸ್ ಅಂತ ಅದರ ಹೆಸರು. ನಮ್ಮ ಹಳ್ಳಿಗಳಲ್ಲಿ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುತ್ತಿದ್ದರು ಅಂತ ನೀವು ಸೇರಿಸಿ, ಆಮೇಲೆ ಪ್ರತಿ ಮಗುವನ್ನೂ ‘ನಿಮ್ಮ ಮನೆಯಲ್ಲಿ?’ ಅಂತ ಕೇಳಿ.

ನವೆಂಬರ್ 1 ಮತ್ತು 2ರಂದು ಮೆಕ್ಸಿಕೊದವರು ತೀರಿಹೋದ ಹಿರಿಯರ ಫೋಟೊ ಇಟ್ಟು, ಅವರಿಗಿಷ್ಟದ ತಿಂಡಿ ಬಡಿಸಿ, ಚೆಂಡುಹೂವಿನಿಂದ ಸಿಂಗರಿಸುತ್ತಾರೆ. ಆ ಹೂವಿನ ಮೂಲವೂ ಮೆಕ್ಸಿಕೊ ಕಡೆಯದೇ. ಪಿತೃಪಕ್ಷ ನೋಡಿದ ಮಗುವಿಗೆ ಹೆಚ್ಚು ವಿವರಿಸಬೇಕಿಲ್ಲ. ಹ್ಯಾಲೊವೀನ್ ಜೊತೆ ಕಲಸಬೇಡಿ, ಹೆದರಿಸುವ ಹಬ್ಬ ಅಲ್ಲ ಅದು. ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡ ಮಗು ಇದ್ದರೆ ತಂದೆ-ತಾಯಿಗೆ ಮೊದಲೇ ಒಂದು ಮಾತು ಹೇಳಿ.

ಕ್ಲಾಸಿನಲ್ಲಿ ಸ್ಪ್ಯಾನಿಷ್ ಮನೆಮಾತಾಗಿರುವ ಮಗು ಸಿಕ್ಕರೆ ಅದು ನಿಮ್ಮ ಅದೃಷ್ಟ. ಆದರೆ ‘ನಿಮ್ಮ ದೇಶದ ಬಗ್ಗೆ ಹೇಳು’ ಅಂತ ಎಬ್ಬಿಸಿ ನಿಲ್ಲಿಸಬೇಡಿ. ಅವಳು ಹುಟ್ಟಿದ್ದು ಟೆಕ್ಸಸ್‌ನಲ್ಲೇ ಇರಬಹುದು. ಕಾರ್ಡು ಕೂಗುವ ಕೆಲಸ ಕೊಡಿ, ನಿಮ್ಮ ಉಚ್ಚಾರವನ್ನು ಅವಳೇ ತಿದ್ದುತ್ತಾಳೆ.